ಉಪಗ್ರಹ ಚಿತ್ರಗಳಲ್ಲಿ ಗಜನಿ, ಅಳಿವೆ ಮತ್ತು ನೆರೆ: ಕುಮಟಾ, ಹೊನ್ನಾವರ, ಭಟ್ಕಳ

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಹೊಳೆಗಳು ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತವೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರುಬಯಲು, ಗಜನಿ ಗದ್ದೆ, ಉಪ್ಪಿನ ಆಗರ, ನಡುನಡುವೆ ಕುರ್ವೆ ಎಂಬ ನಡುಗಡ್ಡೆಗಳು ಇವೆ. ಈ ಜೌಗುನೆಲ ಎಷ್ಟು ಉಳಿದಿದೆ, ಎಷ್ಟು ಹೋಗಿದೆ, ಮುಂಗಾರಿನಲ್ಲೂ ಚಂಡಮಾರುತದಲ್ಲೂ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಆಕಾಶದಿಂದ ಅಳೆಯುವ ಕೆಲಸ ಭಾರತದಲ್ಲಿ 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಪಗ್ರಹ ಕಕ್ಷೆ ಸೇರಿದ ಮೇಲೆ ಕ್ರಮಬದ್ಧವಾಯಿತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳು ಅದಕ್ಕೂ ಹಿಂದಿನವು. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. ಹೀಗಾಗಿ ಈ ಕರಾವಳಿಗೆ ಈಗ ಅರ್ಧ ಶತಮಾನದ ಚಿತ್ರಚರಿತ್ರೆ ಇದೆ. ಆ ಚರಿತ್ರೆಯನ್ನು ಓದಲು ಗದ್ದೆಯ ಒಡ್ಡಿನ ಮೇಲೆ ನಿಂತವರ ತಿಳಿವಳಿಕೆಯೂ ಬೇಕು. ಅದಿಲ್ಲದೆ ಓದಿದರೆ ನಷ್ಟ ಲಾಭದಂತೆಯೂ, ಬೇಸಾಯ ನೆರೆಯಂತೆಯೂ ಕಾಣುವ ಊರುಗಳಿವು.

ನೆಲ ಮತ್ತು ನೀರು

ಮೂರು ತಾಲ್ಲೂಕುಗಳಿಗೆ ಮೂರು ಮುಖ್ಯ ಹೊಳೆಗಳು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನ ಅಘನಾಶಿನಿ ಮತ್ತು ತದಡಿ ಊರುಗಳ ನಡುವೆ ಕಡಲಿಗೆ ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಅಳಿವೆ ಹೊನ್ನಾವರದಲ್ಲಿದೆ. ಭಟ್ಕಳ ತಾಲ್ಲೂಕಿನ ಶಿರಾಲಿಯ ಕಡೆ ವೆಂಕಟಾಪುರ ಹೊಳೆ, ಪಟ್ಟಣದ ಮಗ್ಗುಲಲ್ಲಿ ಶರಾಬಿ ಹೊಳೆ. ಘಟ್ಟ ಇಲ್ಲಿ ಕಡಲಿಗೆ ತೀರ ಹತ್ತಿರ ಬಂದು ನಿಂತಿದೆ. ದಕ್ಷಿಣಕ್ಕೆ ಹೋದಂತೆ, ಮುಖ್ಯವಾಗಿ ಭಟ್ಕಳದಲ್ಲಿ, ಬಯಲು ಕಿರಿದಾಗುತ್ತದೆ. ಘಟ್ಟದ ಮೇಲೆ ಬಿದ್ದ ಮಳೆ ಕೆಲವೇ ತಾಸಿನಲ್ಲಿ ಪೇಟೆಯ ರಸ್ತೆಗೆ ಬಂದು ನಿಲ್ಲುವುದು ಈ ಕಾರಣದಿಂದ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಭರತದ ಉಪ್ಪುನೀರು ಒಳನಾಡಿಗೆ ನುಗ್ಗಿ ಉಪ್ಪಿನಪಟ್ಟಣದ ಕಡೆಯವರೆಗೆ ಪ್ರಭಾವ ಬೀರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಅದನ್ನು ತಳ್ಳಿಕೊಂಡು ಕಡಲಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಈ ಉಪ್ಪು-ಸಿಹಿಯ ಅದಲುಬದಲೇ ಗಜನಿ ಬೇಸಾಯಕ್ಕೂ ಬಳಚಿಗೂ ಸಿಗಡಿಗೂ ಆಧಾರ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಶ್ಚಂದ್ರನ್ ಮತ್ತು ಅವರ ತಂಡ ಈ ಅಳಿವೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಬಳಚು, ಚಿಪ್ಪಿಕಲ್ಲು ಹೆಕ್ಕುವ ಕಸುಬಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಬದುಕುತ್ತಿದ್ದಾರೆಂದು ತಂಡ 2000ದ ದಶಕದಲ್ಲಿ ಲೆಕ್ಕ ಹಾಕಿತ್ತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಅದಕ್ಕೂ ಮುನ್ನ ಆ ಮನ್ನಣೆ ಇದ್ದದ್ದು ರಂಗನತಿಟ್ಟಿಗೆ ಮಾತ್ರ.

ಗಜನಿ ಎಂದರೆ ಒಡ್ಡು ಕಟ್ಟಿ ಕಡಲನ್ನು ಹೊರಗಿಟ್ಟ ತಗ್ಗು ಗದ್ದೆ. ಒಡ್ಡಿನಲ್ಲಿ ಹಲಗೆಯ ಬಾಗಿಲುಗಳಿರುತ್ತವೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಕಗ್ಗ ಉಪ್ಪನ್ನು ತಾಳುವ ತಳಿ. ಕೆಲವು ದಿನ ನೀರಿನಡಿ ಮುಳುಗಿದ್ದರೂ ಕೊಳೆಯದೆ ಮೇಲೇಳುತ್ತದೆ. ಗೊಬ್ಬರ, ಔಷಧಿ ಯಾವುದನ್ನೂ ಕೇಳುವುದಿಲ್ಲ. ಕುಮಟಾದ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಇದನ್ನು ಉಳಿಸಿಕೊಂಡು ಬಂದಿದ್ದಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಟ್ಟುಕೊಂಡರೆ ಅದರೊಂದಿಗೆ ಸಿಗಡಿ, ಮೀನಿನ ಮರಿ ಬರುತ್ತವೆ, ಕೊಳೆಯುವ ಹುಲ್ಲು ಅವಕ್ಕೆ ಮೇವಾಗುತ್ತದೆ. ಒಂದೇ ಗದ್ದೆ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು ಕೊಡುವ ವ್ಯವಸ್ಥೆ ಇದು. ಕರ್ನಾಟಕದ ಕೃಷಿ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಈ ವ್ಯವಸ್ಥೆ ನಿಂತಿರುವುದು ಒಡ್ಡಿನ ಮೇಲೆ. ಒಡ್ಡಿಗೆ ದೊಡ್ಡ ಅಲೆಗಿಂತ ಹೆಚ್ಚು ತೊಂದರೆ ಕೊಡುವುದು ಏಡಿ. ಏಡಿ ಕೊರೆದ ಬೆರಳಗಲದ ಬಿಲದಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತದ ರಾತ್ರಿ ನೀರು ಜಿನುಗತೊಡಗುತ್ತದೆ. ಆಗಲೇ ಯಾರಾದರೂ ನೋಡಿ ಒಂದು ಬುಟ್ಟಿ ಕೆಸರು, ಒಂದು ಹಿಡಿ ಹುಲ್ಲು ಮೆತ್ತಿದರೆ ಮುಗಿಯಿತು. ನೋಡದಿದ್ದರೆ ಬೆಳಗಾಗುವಷ್ಟರಲ್ಲಿ ಆ ಬಿಲ ಮಾರುದ್ದದ ಬಾಯಾಗಿ ಇಡೀ ಗದ್ದೆಗೆ ಉಪ್ಪುನೀರು ನುಗ್ಗಿರುತ್ತದೆ. ಒಡ್ಡಿನ ಹೊರಮಗ್ಗುಲಲ್ಲಿ ಕಾಂಡ್ಲಾ ಬೆಳೆದಿದ್ದರೆ ಬೇರುಗಳು ಅಲೆಯ ಪೆಟ್ಟನ್ನು ತಾವೇ ತಿಂದು ಮಣ್ಣನ್ನು ಹಿಡಿದಿಡುತ್ತವೆ. ಹಳಬರು ಒಡ್ಡಿನ ಅಂಚಿನ ಕಾಂಡ್ಲಾಕ್ಕೆ ಕತ್ತಿ ಹಾಕಲು ಬಿಡುತ್ತಿರಲಿಲ್ಲ.

ಚಿತ್ರ ಓದುವ ಬಗೆ

ಗಿಡಮರಗಳನ್ನು ಕೆಂಪಾಗಿ ತೋರಿಸುವ ಕೃತಕ ವರ್ಣದ ಉಪಗ್ರಹ ಚಿತ್ರದಲ್ಲಿ ಅಘನಾಶಿನಿ ಅಳಿವೆ ಹೀಗೆ ಕಾಣುತ್ತದೆ: ಆಳವಾದ ಹೊಳೆ ಕಪ್ಪು ಅಥವಾ ಕಡುನೀಲಿ, ಕೆಸರುನೀರು ತಿಳಿನೀಲಿ, ಮರಳುದಂಡೆ ಬಿಳಿ, ಕಾಂಡ್ಲಾ ಕಡುಗೆಂಪು, ತೆಂಗಿನ ತೋಟ ಅದಕ್ಕಿಂತ ತಿಳಿಗೆಂಪು, ಸಾಣಿಕಟ್ಟಾದ ಉಪ್ಪಿನ ಆಗರ ಚೌಕಚೌಕದ ಮಿಂಚು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ 2006-07ರ ರಿಸೋರ್ಸ್‌ಸ್ಯಾಟ್-1 ಚಿತ್ರಗಳಿಂದ ದೇಶದ ಜೌಗುನೆಲಗಳ ನಕ್ಷೆಪುಸ್ತಕವನ್ನು ತಯಾರಿಸಿ 2011ರಲ್ಲಿ ಹೊರತಂದಿತು. ಅದರಂತೆ ಭಾರತದ ಜೌಗುನೆಲ ಸುಮಾರು 1.526 ಕೋಟಿ ಹೆಕ್ಟೇರ್, ದೇಶದ ವಿಸ್ತೀರ್ಣದ ಶೇ. 4.63. ಹತ್ತು ವರ್ಷದ ಬಳಿಕ, 2017-18ರ ಚಿತ್ರಗಳ ಲೆಕ್ಕದಲ್ಲಿ ಅದು 1.598 ಕೋಟಿ ಹೆಕ್ಟೇರಿಗೆ ಏರಿತು. ಒಟ್ಟು ಮೊತ್ತದಲ್ಲಿ ಜಲಾಶಯ, ಕೆರೆಯಂಥ ಕಟ್ಟಿದ ನೀರೂ ಸೇರಿರುವುದರಿಂದ ಈ ಏರಿಕೆಯನ್ನು ನೋಡಿ ಅಳಿವೆಗಳು ಕ್ಷೇಮವಾಗಿವೆ ಎಂದುಕೊಳ್ಳುವಂತಿಲ್ಲ.

ಚಿತ್ರದ ಸೂಕ್ಷ್ಮತೆಯ ಪ್ರಶ್ನೆಯೂ ಇದೆ. ಲ್ಯಾಂಡ್‌ಸ್ಯಾಟಿನ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಚೌಕ. ಯುರೋಪಿನ ಸೆಂಟಿನೆಲ್-2ರದ್ದು 10 ಮೀಟರ್. ಎರಡು-ಮೂರು ಮೀಟರ್ ಅಗಲದ ಗಜನಿ ಒಡ್ಡು ಇಂಥ ಚುಕ್ಕೆಯೊಳಗೆ ಕರಗಿಹೋಗುತ್ತದೆ. ಒಡ್ಡು ಒಡೆದ ದಿನ ಚಿತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಗದ್ದೆ ಮುಳುಗಿ, ಬೆಳೆ ಸತ್ತು, ಬಣ್ಣ ಬದಲಾದ ಮೇಲಷ್ಟೇ ಗೊತ್ತಾಗುತ್ತದೆ. ಒಡ್ಡನ್ನೇ ನೋಡಬೇಕಾದರೆ ಕಾರ್ಟೊಸ್ಯಾಟ್‌ನಂಥ ಒಂದು ಮೀಟರಿಗಿಂತ ಸೂಕ್ಷ್ಮವಾದ ಕಣ್ಣು ಬೇಕು.

ಭರತ-ಇಳಿತದ ಲೆಕ್ಕ ಇನ್ನೊಂದು. ಇಲ್ಲಿ ದಿನಕ್ಕೆರಡು ಭರತ, ಎರಡು ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ. ಉಪಗ್ರಹವಾದರೋ ಗಡಿಯಾರ ಹಿಡಿದು ಬಂದಂತೆ ಅದೇ ಹೊತ್ತಿಗೆ ಹಾದುಹೋಗುತ್ತದೆ. ಒಂದು ಚಿತ್ರ ಇಳಿತದಲ್ಲಿ, ಇನ್ನೊಂದು ಭರತದಲ್ಲಿ ತೆಗೆದದ್ದಾದರೆ ನೂರಾರು ಎಕರೆ ಕೆಸರುಬಯಲು ಮಾಯವಾದಂತೆ ತೋರುತ್ತದೆ. ಆರು ತಾಸು ಕಾದರೆ ಅದೇ ಬಯಲಲ್ಲಿ ಜನ ಬಳಚು ಹೆಕ್ಕುತ್ತಿರುತ್ತಾರೆ. ಭರತದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಮಾಡಿದ ಯಾವ ಹೋಲಿಕೆಯನ್ನೂ ಈ ಕರಾವಳಿಯಲ್ಲಿ ನಂಬಬಾರದು.

ನಷ್ಟದ ಮೂರು ಮುಖ

ಜೌಗುನೆಲದ ನಷ್ಟಕ್ಕೆ ಜಗತ್ತು ಕೊಡುವ ದೊಡ್ಡ ಉದಾಹರಣೆ ಅಮೆರಿಕದ ಲೂಸಿಯಾನಾ. ಅಲ್ಲಿ 1932ರಿಂದ 2016ರೊಳಗೆ ಸುಮಾರು 4,800 ಚದರ ಕಿ.ಮೀ. ತೀರನೆಲ ನೀರಾಯಿತು, 2005ರ ಕತ್ರಿನಾ ಮತ್ತು ರೀಟಾ ಚಂಡಮಾರುತಗಳ ಬೆನ್ನಿಗೇ 500 ಚದರ ಕಿ.ಮೀ.ಗೂ ಹೆಚ್ಚು ನೆಲ ನೀರಾಗಿ ಕಂಡಿತು. ಹಿಂದಿನ, ಇಂದಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಮಗುವಿಗೂ ವ್ಯತ್ಯಾಸ ಕಾಣುತ್ತದೆ. ಉತ್ತರ ಕನ್ನಡದ ನಷ್ಟ ಆ ಜಾತಿಯದಲ್ಲ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯ ಉಪಗ್ರಹ ಲೆಕ್ಕದಲ್ಲಿ ಕರ್ನಾಟಕದ ಕಾಂಡ್ಲಾ ಕಾಡು 2019ರಲ್ಲಿ 10 ಚದರ ಕಿ.ಮೀ. ಇದ್ದದ್ದು 2021ರಲ್ಲಿ 13 ಚದರ ಕಿ.ಮೀ. ಆಗಿದೆ. ಅರಣ್ಯ ಇಲಾಖೆ ಅಳಿವೆಗಳಲ್ಲಿ ನೆಟ್ಟ ಗಿಡಗಳಿಗೆ ಇದರಲ್ಲಿ ಪಾಲಿದೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾದ ನಡುವೆ ಹಾಕಿರುವ ಹಲಗೆಯ ಕಾಲುದಾರಿಯಲ್ಲಿ ನಡೆದವರು ಆ ಹಸಿರನ್ನು ಕಣ್ಣಾರೆ ಕಂಡಿರುತ್ತಾರೆ. ಇದು ನಿಜವಾದ ಗಳಿಕೆ. ಆದರೆ ಕಳೆದುಕೊಂಡದ್ದು ಬೇರೆಡೆ ಇದೆ.

ಒಂದು ಮುಖ ಗಜನಿಯದು. 1970ರ ದಶಕದಲ್ಲಿ ಸರ್ಕಾರ ಮಣ್ಣಿನ ಒಡ್ಡುಗಳ ಜಾಗದಲ್ಲಿ ಕಲ್ಲಿನ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಊರು ಕೂಡಿ ವರ್ಷವರ್ಷ ಒಡ್ಡು ಕಟ್ಟುತ್ತಿದ್ದ ರೂಢಿ ತಪ್ಪಿತು. ಒಡೆದರೆ ಇಲಾಖೆ ಬರಲಿ ಎಂದು ಕಾಯುವಂತಾಯಿತು. ಮುಂದೆ ಸಿಗಡಿಗೆ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಉಪ್ಪುನೀರು ಬೇಗ ಒಳಬಂದಷ್ಟೂ, ತಡವಾಗಿ ಹೊರಹೋದಷ್ಟೂ ಲಾಭ. ಕಗ್ಗಕ್ಕೆ ಅದೇ ಕುತ್ತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿ ಕುಸಿಯಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಎಸ್. ಜಗನ್ನಾಥ್ ಪ್ರಕರಣದಲ್ಲಿ ಕರಾವಳಿ ನಿಯಂತ್ರಣ ವಲಯದೊಳಗೆ ಸಿಗಡಿ ಹೊಂಡಗಳನ್ನು ಕಟ್ಟಬಾರದೆಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅನೇಕ ಗಜನಿಗಳು ಬೇಸಾಯ ಬಿಟ್ಟಿದ್ದವು. ಬೇಸಾಯ ಬಿಟ್ಟ ಗಜನಿ ಉಪಗ್ರಹಕ್ಕೆ ನೀರಾಗಿಯೋ ಕಾಂಡ್ಲಾ ಹಬ್ಬಿದ ಜಾಗವಾಗಿಯೋ ಕಾಣುತ್ತದೆ. ನಕ್ಷೆ ಅದನ್ನು ಜೌಗುನೆಲದ ಖಾತೆಗೇ ಬರೆಯುತ್ತದೆ, ಹೆಚ್ಚಳ ಎಂದೂ ತೋರಿಸಬಹುದು. ಅನ್ನ ಕೊಡುತ್ತಿದ್ದ, ನೀರನ್ನು ಅಳತೆಯಲ್ಲಿ ಒಳಗೆ ಬಿಡುತ್ತಿದ್ದ ಗದ್ದೆ ಹೋಯಿತೆಂದು ಅದರಲ್ಲಿ ಎಲ್ಲೂ ನಮೂದಾಗುವುದಿಲ್ಲ.

ಎರಡನೆಯದು ಉಪ್ಪಿನ ನಷ್ಟ. ಇದು ಕಣ್ಣಿಗೆ ಇನ್ನೂ ದೂರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಆ ಬಳಿಕ ಗೇರುಸೊಪ್ಪೆಯ ಅಣೆಕಟ್ಟೂ ಬಂದ ಮೇಲೆ, ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ವರ್ಷವಿಡೀ ಶರಾವತಿಯ ಅಳಿವೆಗೆ ಹರಿಯುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಎರಡು ಅಳಿವೆಗಳನ್ನು ಹೋಲಿಸಿ ನೋಡಿವೆ: ಅಘನಾಶಿನಿಯಲ್ಲಿ ಬಳಚು ಹೇರಳ, ಶರಾವತಿಯಲ್ಲಿ ಅದು ಬಹಳ ಕುಗ್ಗಿದೆ, ಹೆಚ್ಚು ಉಪ್ಪು ಬಯಸುವ ಕಾಂಡ್ಲಾ ಜಾತಿಗಳು ಶರಾವತಿಯಲ್ಲಿ ಹಿಂದೆ ಸರಿದಿವೆ, ಮೀನಿನ ಬಗೆಗಳೂ ಕಡಿಮೆ. ಉಪಗ್ರಹ ಚಿತ್ರದಲ್ಲಾದರೆ ಎರಡೂ ಅಳಿವೆಗಳು ಅಕ್ಕತಂಗಿಯರಂತೆ ಇವೆ. ಅದೇ ನೀಲಿ, ಅದೇ ಕೆಂಪು, ಮಾವಿನಕುರ್ವೆಯ ಸುತ್ತ ಅದೇ ಹಸಿರುಬಳೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ, ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪದ ಬಗ್ಗೆ ಮಾತು ಬಂದಾಗಲೆಲ್ಲ ಮುಳುಗುವ ಕಾಡಿನ ಲೆಕ್ಕ ಚರ್ಚೆಯಾಗುತ್ತದೆ. ಅಳಿವೆಯ ಉಪ್ಪಿನ ಲೆಕ್ಕವೂ ಅಷ್ಟೇ ಗಟ್ಟಿಯಾಗಿ ಮೇಜಿನ ಮೇಲೆ ಬರಬೇಕು.

ಮೂರನೆಯದು ಚಿತ್ರದಲ್ಲಿ ಚೆನ್ನಾಗಿ ಕಾಣುವಂಥದ್ದು: ತುಂಬಿಸಿದ ನೆಲ ಮತ್ತು ಜರುಗಿದ ದಂಡೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ಕರ್ನಾಟಕದ ತೀರದ ಸುಮಾರು ಶೇ. 24 ಭಾಗ ಕೊರೆತಕ್ಕೆ ಸಿಕ್ಕಿದೆ, ಅರ್ಧದಷ್ಟು ಸ್ಥಿರವಾಗಿದೆ, ಶೇ. 26ರಷ್ಟು ಕಡೆ ಮರಳು ಸೇರಿ ಬೆಳೆದಿದೆ ಎಂದು ಹೇಳಿದೆ. ಹೊನ್ನಾವರದ ಪಾವಿನಕುರ್ವೆ ಕಡಲ್ಕೊರೆತಕ್ಕೆ ನಲುಗಿದ ಊರು. ಅಳಿವೆಯ ಬಾಯಿ ತುಸು ಸರಿದರೂ ಒಂದು ಕಡೆಯ ದಂಡೆ ಹೋಗುತ್ತದೆ, ಎದುರು ದಂಡೆ ಬೆಳೆಯುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ಹಟ ಹಿಡಿದು ನಿಂತದ್ದರ ಹಿಂದೆ, ಮರಳದಿಬ್ಬದ ಮೇಲೆ ಮನೆ ಕಟ್ಟಿಕೊಂಡವರ ಈ ಅನುಭವ ಇದೆ.

ತುಂಬಿಸಿದ ನೆಲದ ಮಾತಿಗೆ ಬಂದರೆ, ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಅದರ ಸೇತುವೆ 2,065 ಮೀಟರ್, ಆ ಮಾರ್ಗದಲ್ಲೇ ಉದ್ದವಾದದ್ದು. ಹೊಳೆಗೆ ಅಷ್ಟು ಅಗಲದ ದಾರಿ ಬಿಟ್ಟದ್ದು ಒಳ್ಳೆಯ ಎಂಜಿನಿಯರಿಂಗ್. ಚಿಕ್ಕ ತೋಡುಗಳಿಗೆ ಆ ಭಾಗ್ಯವಿಲ್ಲ. ತಗ್ಗು ಗದ್ದೆಗೆ ಅಡ್ಡಲಾಗಿ ಹೆದ್ದಾರಿಯ ಮಣ್ಣಿನ ಏರಿ ಬಂದು ಅದರಡಿ ಒಂದು ಸಣ್ಣ ಮೋರಿ ಇಟ್ಟರೆ ಅದರ ಮೇಲುಗಡೆಯ ಗದ್ದೆಗಳೆಲ್ಲ ಮಳೆಗಾಲದಲ್ಲಿ ಕೆರೆಯಾಗುತ್ತವೆ.

ಚಂಡಮಾರುತ

ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪೆಸಿಫಿಕ್‌ನ ಪಶ್ಚಿಮದಲ್ಲಿ ಟೈಫೂನ್ ಎನ್ನುವುದೇ ನಮ್ಮಲ್ಲಿ ಚಂಡಮಾರುತ. ಅರಬ್ಬೀ ಸಮುದ್ರದಲ್ಲಿ ಅದು ಅಪರೂಪ ಎಂಬ ನಂಬಿಕೆ ಬದಲಾಗಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ. ಬಂಗಾಳ ಕೊಲ್ಲಿಯಲ್ಲಿ ಅವು ಶೇ. 8ರಷ್ಟು ಇಳಿದಿವೆ. ಕಡಲಿನ ಮೇಲ್ಮೈ ಬಿಸಿಯಾಗುತ್ತಿರುವುದು ಮುಖ್ಯ ಕಾರಣ.

2009ರ ಫಯಾನ್, 2019ರ ಕ್ಯಾರ್, 2021ರ ತೌಕ್ತೆ ಮೂರೂ ಕರ್ನಾಟಕಕ್ಕೆ ಅಪ್ಪಳಿಸದೆ ಮುಂದೆ ಹೋದವು. ತೌಕ್ತೆ 2021ರ ಮೇ 14ರ ಸುಮಾರಿಗೆ ಲಕ್ಷದ್ವೀಪದ ಬಳಿ ರೂಪುಗೊಂಡು, 15 ಮತ್ತು 16ರಂದು ನಮ್ಮ ಕರಾವಳಿಯ ಎದುರಿಗೆ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ತೀರ ಹೊಕ್ಕಿತು. ಕಣ್ಣು ದೂರವಿದ್ದರೂ ಅದರ ಮೋಡದ ತೋಳುಗಳು ಮಳೆ ಸುರಿಸಿದವು: ಕುಂದಾಪುರ ಬಳಿಯ ನಾಡದಲ್ಲಿ 24 ತಾಸಿಗೆ 385 ಮಿ.ಮೀ. ಮೇ 16ರ ಬೆಳಗಿನ ಹೊತ್ತಿಗೆ ರಾಜ್ಯದಲ್ಲಿ ನಾಲ್ವರು ಸತ್ತಿದ್ದರು, 73 ಹಳ್ಳಿಗಳಿಗೆ ಪೆಟ್ಟು ಬಿದ್ದಿತ್ತು. ಇನ್ಸ್ಯಾಟ್-3ಡಿ ಮತ್ತು 3ಡಿಆರ್ ಉಪಗ್ರಹಗಳು ತಲಾ ಅರ್ಧ ತಾಸಿಗೊಮ್ಮೆ, ಒಂದರ ನಡುವೆ ಇನ್ನೊಂದು ಬರುವಂತೆ ಚಿತ್ರ ತೆಗೆಯುತ್ತಿದ್ದುದರಿಂದ ಕಾಲು ತಾಸಿಗೊಂದು ನೋಟ ಸಿಗುತ್ತಿತ್ತು. ದೋಣಿಗಳನ್ನು ಮೊದಲೇ ದಡಕ್ಕೆ ಕರೆಸಲು ಆದದ್ದು ಇದರಿಂದ. ಉಪಗ್ರಹ ಯುಗ ಈ ಕರಾವಳಿಗೆ ಮಾಡಿದ ಉಪಕಾರಗಳಲ್ಲಿ ಇದೇ ದೊಡ್ಡದು. ಎಷ್ಟು ಮನೆಗಳ ದೀಪ ಆರದೆ ಉಳಿಯಿತೆಂಬ ಲೆಕ್ಕ ಯಾವ ನಕ್ಷೆಗೂ ಸಿಗುವುದಿಲ್ಲ.

ನೆರೆ

ಈ ಭಾಗದಲ್ಲಿ ನೆರೆ ತರುವುದರಲ್ಲಿ ಚಂಡಮಾರುತಕ್ಕಿಂತ ಮುಂಗಾರಿನ ಪಾಲು ದೊಡ್ಡದು. ಘಟ್ಟದ ಮಳೆ, ಹುಣ್ಣಿಮೆ-ಅಮಾವಾಸ್ಯೆಯ ಭರತ, ಕಡಲ ಕಡೆಯಿಂದ ಬೀಸುವ ಗಾಳಿ ಮೂರೂ ಕೂಡಿದ ದಿನ ಹೊಳೆಗೆ ಹೊರಹೋಗಲು ಬಾಯಿಯೇ ಇಲ್ಲದಂತಾಗುತ್ತದೆ.

2022ರ ಆಗಸ್ಟ್ 1ರ ರಾತ್ರಿಯಿಂದ 2ರ ಬೆಳಗಿನವರೆಗೆ ಭಟ್ಕಳದಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಹೋದರು. ಪೇಟೆ, ಹೆದ್ದಾರಿ, ಚೌಥನಿಯ ಕಡೆಯ ಮನೆಗಳು ಜಲಾವೃತವಾದವು. 500 ಮಿ.ಮೀ. ಮಳೆ ಎಂದರೆ ಒಂದು ಚದರ ಕಿಲೋಮೀಟರಿಗೆ 50 ಕೋಟಿ ಲೀಟರ್ ನೀರು. ಒಂದು ಹೆಕ್ಟೇರ್ ತಗ್ಗು ಗದ್ದೆ ಒಂದು ಮೀಟರ್ ತುಂಬಿದರೆ ಹಿಡಿಯುವುದು ಒಂದು ಕೋಟಿ ಲೀಟರ್. ಒಂದು ಚದರ ಕಿಲೋಮೀಟರಿನ ಆ ರಾತ್ರಿಯ ಮಳೆಯನ್ನು ಹಿಡಿದಿಡಲು 50 ಹೆಕ್ಟೇರ್ ತಗ್ಗುನೆಲ ಬೇಕಿತ್ತು. ಪಟ್ಟಣದಂಚಿನ ಗದ್ದೆಯೊಂದನ್ನು ಮಣ್ಣು ತುಂಬಿಸಿ ನಿವೇಶನ ಮಾಡಿದಾಗ ಈ ಕೋಟಿ ಲೀಟರುಗಳು ಇನ್ನೊಬ್ಬರ ಅಂಗಳ ಹುಡುಕಿಕೊಂಡು ಹೋಗುತ್ತವೆ. ಶರಾಬಿ ಹೊಳೆ ಹೂಳು, ಕೊಳಚೆಯಿಂದ ಕಟ್ಟಿಕೊಂಡಿರುವುದು ಗಾಯದ ಮೇಲೆ ಬರೆ.

ಆ ನೆರೆಯನ್ನು ಉಪಗ್ರಹ ಎಷ್ಟು ಹಿಡಿಯಬಲ್ಲದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುವುದರಿಂದ ಸಾಧಾರಣ ಕ್ಯಾಮೆರಾ ಕುರುಡು. ಮೋಡವನ್ನು ಹಾದುಹೋಗುವುದು ರೇಡಾರ್: ಸೆಂಟಿನೆಲ್-1, 2012ರ ರಿಸ್ಯಾಟ್-1, 2022ರ ಫೆಬ್ರವರಿ 14ರಂದು ಹಾರಿದ ಇಒಎಸ್-04. ನಿಂತ ನೀರು ರೇಡಾರ್ ಕಿರಣವನ್ನು ಕನ್ನಡಿಯಂತೆ ಆಚೆಗೆ ಎಸೆಯುತ್ತದೆ, ಚಿತ್ರದಲ್ಲಿ ಅದು ಕಪ್ಪು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ದೇಶದ ನೆರೆ ನಕ್ಷೆಗಳನ್ನು ಹೀಗೆಯೇ ತಯಾರಿಸುತ್ತದೆ. ಬ್ರಹ್ಮಪುತ್ರದಲ್ಲಿ ವಾರಗಟ್ಟಲೆ ನಿಲ್ಲುವ ನೆರೆಗೆ ಈ ವಿಧಾನ ಸರಿಹೊಂದುತ್ತದೆ. ಭಟ್ಕಳದ ನೀರು ರಾತ್ರಿ ಏರಿ ಮಾರನೆಯ ದಿನವೇ ಇಳಿಯಬಹುದು. ಒಂದು ಸೆಂಟಿನೆಲ್-1 ಅದೇ ದಾರಿಗೆ ಮರಳುವುದು 12 ದಿನಕ್ಕೊಮ್ಮೆ. ಚಿತ್ರದಲ್ಲಿ ಕಪ್ಪು ಇಲ್ಲದ್ದರಿಂದ ಅಲ್ಲಿ ನೆರೆ ಬರಲಿಲ್ಲವೆಂದು ಹೇಳಲಾಗದು. ಪರಿಹಾರದ ಪಟ್ಟಿ ಬರೆಯುವವರು ಗೋಡೆಯ ಮೇಲಿನ ಕೆಸರಿನ ಗೆರೆಯನ್ನೂ ದಾಖಲೆಯೆಂದು ಎಣಿಸಬೇಕು.

ಇದಕ್ಕೆ ತಿರುಗುಮುರುಗಾದ ತಪ್ಪು ಕುಮಟಾ ಕಡೆ ಆಗುತ್ತದೆ. ಆಗಸ್ಟ್‌ನಲ್ಲಿ ಗಜನಿಗಳಲ್ಲಿ ನೀರು ನಿಂತಿರುವುದು ಸಹಜ. ಕಗ್ಗ ಬೆಳೆಯುವುದೇ ಹಾಗೆ. ಪೈರು ನೀರಿನಿಂದ ಮೇಲೆ ಬರುವ ಮುನ್ನ ತೆಗೆದ ರೇಡಾರ್ ಚಿತ್ರದಲ್ಲಿ ಅವೆಲ್ಲ ಕಪ್ಪಾಗಿ, ಯಂತ್ರ ಅವನ್ನು ನೆರೆಪೀಡಿತ ಎಂದು ಗುರುತಿಸಬಹುದು. ನಿಜವಾದ ನೆರೆಯನ್ನು ಬೇರ್ಪಡಿಸಲು ಅದೇ ಗದ್ದೆಯ ಹಿಂದಿನ ವರ್ಷಗಳ ಅದೇ ವಾರದ ಚಿತ್ರ ಬೇಕು, ಮತ್ತು ಈ ವರ್ಷ ಅಲ್ಲಿ ಬಿತ್ತಿದ್ದಾರೆಯೇ ಎಂದು ಊರಿನಲ್ಲಿ ಕೇಳಿ ತಿಳಿದಿರಬೇಕು.

ನೀರು ಹಿಡಿಯುವ ಶಕ್ತಿಯನ್ನು ಅಘನಾಶಿನಿಯಲ್ಲೇ ನೋಡಬಹುದು. ರಾಮ್ಸರ್ ಪಟ್ಟಿಗೆ ಸೇರಿದ 4,801 ಹೆಕ್ಟೇರ್ ಮೇಲೆ ನೀರಿನ ಮಟ್ಟ ಒಂದು ಸೆಂಟಿಮೀಟರ್ ಏರಬೇಕಾದರೆ ಸುಮಾರು 48 ಕೋಟಿ ಲೀಟರ್ ಸೇರಬೇಕು. ಅಳಿವೆ ಅಗಲವಾಗಿರುವಷ್ಟು ಕಾಲ ಮಿರ್ಜಾನ, ಹೆಗಡೆ, ದಿವಗಿಯಂಥ ಊರುಗಳ ಅಂಗಳಕ್ಕೆ ನೀರು ನಿಧಾನವಾಗಿ ಏರುತ್ತದೆ, ಆ ನಿಧಾನದಲ್ಲಿ ದನಕರು ಬಿಚ್ಚಿ ಎತ್ತರಕ್ಕೆ ಅಟ್ಟಲು ಸಮಯ ಸಿಗುತ್ತದೆ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ್ದು. ಅದರ ಎರಡು ರೇಡಾರ್‌ಗಳಲ್ಲಿ ಎಲ್-ಬ್ಯಾಂಡಿನದು ಸುಮಾರು 24 ಸೆಂ.ಮೀ. ತರಂಗದ್ದು, ಸೆಂಟಿನೆಲ್-1ರ ತರಂಗ ಆರು ಸೆಂ.ಮೀ.ಗೂ ಕಡಿಮೆ. ಉದ್ದ ತರಂಗ ಎಲೆಗಳ ನಡುವೆ ನುಸುಳಿ ಕಾಂಡ್ಲಾದ ಬುಡದಲ್ಲಿ, ಎತ್ತರದ ಪೈರಿನ ಬುಡದಲ್ಲಿ ನಿಂತ ನೀರನ್ನು ಗುರುತಿಸಬಲ್ಲದು. ಮಾಣಿಕಟ್ಟಾದ ಗಜನಿಯಲ್ಲಿ ಕಗ್ಗ ಬಿತ್ತಿದ ಗದ್ದೆ ಆಗ ಒಂದು ಬಗೆಯಾಗಿ, ಒಡ್ಡು ಒಡೆದು ಬರಿದಾದ ಪಕ್ಕದ ಗದ್ದೆ ಇನ್ನೊಂದು ಬಗೆಯಾಗಿ ಕಾಣಬೇಕು. ಮಳೆಗಾಲದ ಚಿತ್ರವೊಂದರಲ್ಲಿ ಇವೆರಡನ್ನು ಬೇರ್ಪಡಿಸಲಾದರೆ, ಕೊಯ್ಲು ಮುಗಿದು ಹಲಗೆಯ ಬಾಗಿಲು ತೆಗೆಯುವ ಮೊದಲೇ, ಯಾವ ಒಡ್ಡಿಗೆ ಮಣ್ಣು ಹಾಕಬೇಕೆಂದು ಹೇಳುವ ನಕ್ಷೆ ರೈತರ ಕೈಗೆ ಸಿಗುತ್ತದೆ.